ಅಟ್ಟ ಸೇರಿದ ಮಗ್ಗಗಳನ್ನು ಕೂಡಿಡುವ ಕೆಲಸ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಈಗ ಕಿವಿಗೆ ಬೀಳುವುದು ವಿದ್ಯುತ್ ಮಗ್ಗದ ಸದ್ದು. ರಾಮಪುರ, ಹೊಸೂರು, ಪಕ್ಕದ ತೇರದಾಳ, ಮಹಾಲಿಂಗಪುರಗಳಲ್ಲೂ ಅದೇ ಸದ್ದು. ಬಟ್ಟೆಯಿಂದ ಬದುಕು ಕಟ್ಟಿಕೊಂಡ ಊರುಗಳಿವು. ಇಂದಿಗೂ ಬಹುಮಟ್ಟಿಗೆ ಬಟ್ಟೆಯೇ ಇವುಗಳ ಅನ್ನ. ಆದರೆ ಆ ಬದುಕಿಗೆ ಮೊದಲು ನೆಲೆ ಕೊಟ್ಟ ಸಾಧನ, ನೆಲದಲ್ಲಿ ಕುಣಿ ತೋಡಿ ಅದರ ಮೇಲೆ ಬಡಿಗ ಕೈಯಿಂದ ಕೂಡಿಸಿದ ಕಟ್ಟಿಗೆಯ ಮಗ್ಗ, ಒಂದೊಂದೇ ಮನೆಯಿಂದ ಇಲ್ಲವಾಗುತ್ತಿದೆ. ಕುಣಿಯನ್ನು ಮುಚ್ಚಿ ಮೇಲೆ ಫರಸಿ ಹಾಸುತ್ತಾರೆ. ಗಟ್ಟಿ ಇರುವ ಕಂಬ ಕೊಟ್ಟಿಗೆಗೆ ಆಸರೆಯಾಗುತ್ತದೆ, ಹಲಗೆ ಅಟ್ಟ ಸೇರುತ್ತದೆ, ಲಾಳಿ ಮಕ್ಕಳ ಆಟಿಕೆಯಾಗುತ್ತದೆ, ಉಳಿದದ್ದು ಒಲೆಗೆ ಹೋಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಎರಡು ಕೋಣೆಯ ಮನೆಯಲ್ಲಿ ದುಡಿಯದ ಮಗ್ಗಕ್ಕೆ ಜಾಗ ಕೊಡಿ ಎಂದು ಕೇಳುವ ಹಕ್ಕು ಹೊರಗಿನವರಿಗಿಲ್ಲ. ಹಾಗಿದ್ದರೂ ಈ ಮಗ್ಗಗಳನ್ನು ಕೂಡಿಡಲೇಬೇಕು ಎಂಬುದು ಈ ಲೇಖನದ ವಾದ. ಅವನ್ನು ಬಿಡಿ ಸಾಮಾನಾಗಿ ಒಯ್ಯದೆ ಇಡಿಯಾಗಿ, ಅಳತೆ, ಹೆಸರು, ಬಳಕೆಯ ತಿಳಿವಳಿಕೆ ಸಮೇತ, ಸಾಧ್ಯವಾದಷ್ಟು ಮಟ್ಟಿಗೆ ಅವು ದುಡಿದ ಊರುಗಳಲ್ಲೇ, ನಡೆಯುವ ಸ್ಥಿತಿಯಲ್ಲಿ ಉಳಿಸಬೇಕು. ಹಾಗೆ ಮಾಡದ ಸಂಗ್ರಹ ಮಗ್ಗವನ್ನು ಉಳಿಸುವ ಬದಲು ಅದರ ನಾಶಕ್ಕೆ ಇನ್ನೊಂದು ದಾರಿ ತೆರೆಯುತ್ತದೆ.

ಮೊದಲು ಈ ವಸ್ತು ಏನೆಂಬುದನ್ನು ನೋಡೋಣ. ಒಂದು ಕುಣಿಮಗ್ಗದಂತೆ ಇನ್ನೊಂದು ಇರುವುದಿಲ್ಲ. ಕುಣಿಯ ಆಳವನ್ನು ನಿರ್ಧರಿಸುವುದು ನೇಕಾರನ ಕಾಲಿನ ಉದ್ದ. ಮೇಲಿನಿಂದ ತೂಗುವ ಹಲಗೆಯನ್ನು ಎಷ್ಟು ಎತ್ತರದಲ್ಲಿ ಕಟ್ಟಬೇಕೆಂಬುದನ್ನು ಹೇಳುವುದು ಅವನ ತೋಳು. ಆ ಹಲಗೆ ಹಣಿಗೆಯನ್ನು ಹಿಡಿದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಅದರ ತೂಕ ಹೆಚ್ಚಾದರೆ ಬಟ್ಟೆ ದಟ್ಟವಾಗುತ್ತದೆ, ಕಡಿಮೆಯಾದರೆ ಸಡಿಲವಾಗುತ್ತದೆ. ಒರಟು ನೂಲಿಗೆ ಒಪ್ಪುವ ತೂಕ ರೇಷ್ಮೆಯ ಎಳೆಗೆ ಒಪ್ಪುವುದಿಲ್ಲ. ಕುಣಿಯಿಂದ ಇನ್ನೊಂದು ಉಪಕಾರವೂ ಇದೆ: ನೆಲದ ತಂಪು ಹಾಸಿನ ಎಳೆಗಳಿಗೆ ಪಸೆ ಕೊಟ್ಟು, ಬಯಲುಸೀಮೆಯ ಒಣ ಗಾಳಿಯಲ್ಲಿ ಅವು ಪಟಪಟನೆ ಹರಿಯದಂತೆ ಕಾಯುತ್ತದೆ. ಲಾಳಿಗೆ ಸೀಳು ಬಾರದ, ನುಣುಪಾಗಿ ತೇಯ್ದು ನಿಲ್ಲುವ ಕಟ್ಟಿಗೆ ಬೇಕು. ದಿನಕ್ಕೆ ಸಾವಿರಾರು ಸಲ ಎಳೆಗಳ ಮೇಲೆ ಹರಿದಾಡುವ ಅದರ ಮೈಯಲ್ಲಿ ಒಂದು ಸಿಬಿರು ಎದ್ದರೂ ಹಾಸು ಕೆಡುತ್ತದೆ. ಹಳೆಯ ಹಣಿಗೆಗಳನ್ನು ಬಿದಿರಿನ ಸೀಳುಗಳನ್ನು ದಾರದಿಂದ ಬಿಗಿದು ಮಾಡುತ್ತಿದ್ದರು. ಉಕ್ಕಿನ ಹಣಿಗೆ ಬಂದದ್ದು ಆಮೇಲೆ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ರೂಪಿಸಿದ ಹಾರುವ ಲಾಳಿಯ ಏರ್ಪಾಟು ನಮ್ಮ ಕುಣಿಮಗ್ಗಗಳಿಗೂ ಬಂದು ಸೇರಿದ್ದರಿಂದ, ಹಲಗೆಯ ಎರಡು ತುದಿಗೆ ಪೆಟ್ಟಿಗೆ ಬಂತು, ಎಳೆಯುವ ಹಗ್ಗ ಬಂತು, ನೇಕಾರನ ಬಲಗೈ ಚಲನೆಯೇ ಬದಲಾಯಿತು. ಈ ಎಲ್ಲ ಬದಲಾವಣೆಗಳನ್ನು ಹಳೆಯ ಚೌಕಟ್ಟಿನ ಮೇಲೆಯೇ ಊರಿನ ಬಡಿಗ ಕೂಡಿಸಿದ. ಹಾಗಾಗಿ ಒಂದು ಹಳೆಯ ಮಗ್ಗವನ್ನು ತೆರೆದ ಕಣ್ಣಿನಿಂದ ನೋಡಿದರೆ ಅದರಲ್ಲಿ ಎರಡು ಮೂರು ತಲೆಮಾರುಗಳ ತಂತ್ರಜ್ಞಾನ ಪದರಪದರವಾಗಿ ಕೂತಿರುತ್ತದೆ: ಮೂಲ ಕಂಬ ಅಜ್ಜನ ಕಾಲದ್ದು, ಹಲಗೆ ಅಪ್ಪನ ಕಾಲದ್ದು, ಡಾಬಿ ಇನ್ನೂ ಈಚಿನದು.

ಡಾಬಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ವಾದದ ಬಲವಾದ ಸಾಕ್ಷ್ಯ ಅಲ್ಲಿದೆ. ಸೀರೆಯ ಅಂಚಿನ ಚಿಕ್ಕ ವಿನ್ಯಾಸಗಳನ್ನು ಎತ್ತಲು ಬಳಸುವ ಡಾಬಿಗೆ ಸಣ್ಣ ಸಣ್ಣ ಕಟ್ಟಿಗೆಯ ಪಟ್ಟಿಗಳ ಸರಪಳಿ ಇರುತ್ತದೆ. ಪ್ರತಿ ಪಟ್ಟಿಯಲ್ಲಿ ತೂತುಗಳು. ಯಾವ ತೂತಿನಲ್ಲಿ ಗೂಟ ಇದೆ, ಯಾವುದರಲ್ಲಿ ಇಲ್ಲ ಎಂಬುದು ಪ್ರತಿ ಹೊಕ್ಕಿನ ಎಳೆಗೆ ಯಾವ ಹಾಸಿನ ಎಳೆಗಳು ಮೇಲೇಳಬೇಕೆಂದು ಹೇಳುತ್ತದೆ. ಅಂದರೆ ಆ ಸರಪಳಿ ಒಂದು ಬರಹ. ಲಿಯಾನಿನ ಜಾಕಾರ್ 1804ರ ಸುಮಾರಿಗೆ ತೂತು ಹೊಡೆದ ರಟ್ಟುಗಳಿಂದ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿಸಿದ. ಆ ರಟ್ಟುಗಳ ಉಪಾಯವನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆದ. ಗಣಕಯಂತ್ರದ ಇತಿಹಾಸ ಬರೆಯುವ ಹಲವರು ಅಲ್ಲಿಂದಲೇ ಆರಂಭಿಸುತ್ತಾರೆ. ಬನಹಟ್ಟಿಯ ಒಂದು ಮನೆಯ ಅಟ್ಟದ ಮೇಲೆ ದಾರದಲ್ಲಿ ಕಟ್ಟಿ ಇಟ್ಟ ಡಾಬಿಯ ಪಟ್ಟಿಗಳ ಗಂಟು ಇದ್ದರೆ, ಅದು ಬರೆದಿಟ್ಟ ವಿನ್ಯಾಸ. ಅದನ್ನು ಓದಬಲ್ಲವರು ಇರುವವರೆಗೆ ಆ ಅಂಚನ್ನು ಮತ್ತೆ ನೇಯಬಹುದು. ಸೀರೆ ಹರಿದು ಚಿಂದಿಯಾದ ಮೇಲೂ ಪಟ್ಟಿ ಉಳಿದಿರುತ್ತದೆ. ಅದನ್ನು ಒಲೆಗೆ ಹಾಕುವುದೆಂದರೆ ಒಂದೇ ಪ್ರತಿ ಇರುವ ಹಸ್ತಪ್ರತಿಯನ್ನು ಸುಟ್ಟಂತೆ.

ಬಟ್ಟೆಯನ್ನು ಕೂಡಿಟ್ಟಿದ್ದೇವಲ್ಲ, ಮಗ್ಗವೇಕೆ ಎಂದು ಕೇಳಬಹುದು. ಬಟ್ಟೆಯನ್ನು ಕೂಡಿಟ್ಟವರ ಚರಿತ್ರೆ ಬೇರೆಯೇ ಒಂದು ಪಾಠ ಹೇಳುತ್ತದೆ. 1866ರಲ್ಲಿ ಫೋರ್ಬ್ಸ್ ವಾಟ್ಸನ್ ಭಾರತದ ನೇಯ್ಗೆಯ 700 ಮಾದರಿಗಳನ್ನು ಕತ್ತರಿಸಿ, 18 ಸಂಪುಟಗಳಲ್ಲಿ ಅಂಟಿಸಿ, ಆ ಸಂಪುಟಗಳ 20 ಪ್ರತಿಗಳನ್ನು ಸಿದ್ಧಪಡಿಸಿದ. ಅವುಗಳಲ್ಲಿ 13 ಬ್ರಿಟನ್ನಿನಲ್ಲೇ ಉಳಿದವು. ಉದ್ದೇಶ ಗುಟ್ಟಾಗಿರಲಿಲ್ಲ: ಇಲ್ಲಿನ ಜನ ಏನು ಉಡುತ್ತಾರೆಂದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ನೋಡಿ ಅದನ್ನೇ ಅಗ್ಗವಾಗಿ ಮಾಡಿ ಇಲ್ಲಿಗೆ ಮಾರಬೇಕು. ಬಹಳ ಅಚ್ಚುಕಟ್ಟಾದ ಸಂಗ್ರಹ ಅದು, ಇಂದಿಗೂ ವಿದ್ವಾಂಸರಿಗೆ ಉಪಯುಕ್ತ. ಆದರೆ ಅದರಲ್ಲಿ ಬಟ್ಟೆ ಇತ್ತು, ನೇಯ್ದವನ ಮಗ್ಗ ಇರಲಿಲ್ಲ. ಬಟ್ಟೆಯನ್ನು ಮಾತ್ರ ಕೂಡಿಟ್ಟಾಗ ನಕಲು ಮಾಡುವವನಿಗೆ ಬೇಕಾದುದೆಲ್ಲ ಸಿಗುತ್ತದೆ, ನೇಯುವವನಿಗೆ ಬೇಕಾದುದು ಸಿಗುವುದಿಲ್ಲ. ನಮ್ಮ ಪಕ್ಕದ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಮಾಡಿ, ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಸೀರೆಯನ್ನು ಕೈಯಲ್ಲಿ ಹಿಡಿದರೆ ಕೊಂಡಿ ಕಾಣುತ್ತದೆ. ಆ ಕೊಂಡಿ ಹಾಕುವಾಗ ಹಾಸನ್ನು ಎಷ್ಟು ಬಿಗಿಯಲ್ಲಿ ಹಿಡಿಯಬೇಕು, ಮಗ್ಗದ ಮೇಲೆ ಅದನ್ನು ಹೇಗೆ ಚಾಚಬೇಕು ಎಂಬುದು ಮಾತ್ರ ಸೀರೆಯಲ್ಲಿ ಇಲ್ಲ. ಅದು ಮಗ್ಗದ ಕಟ್ಟಿನಲ್ಲೂ ನೇಕಾರರ ಕೈಯಲ್ಲೂ ಇದೆ.

ಹೀಗೆ ಕೂಡಿಟ್ಟ ಹಳೆಯ ಕಟ್ಟಿಗೆ ಮುಂದಿನವರಿಗೆ ನಿಜವಾಗಿ ದಾರಿ ತೋರಿಸಿದ ಉದಾಹರಣೆ ಇದೆಯೇ? ಇದೆ, ಬಟ್ಟೆಗೂ ಬಯಲಿಗೂ ಸಂಬಂಧವೇ ಇಲ್ಲದ ಒಂದು ಜಾಗದಲ್ಲಿ. ಹವಾಯಿ ದ್ವೀಪಗಳ ಜನ ಸಮುದ್ರದ ಅಲೆಯ ಮೇಲೆ ನಿಂತು ಸವಾರಿ ಮಾಡಲು ಕೋವಾ, ವಿಲಿವಿಲಿ ಮರಗಳಿಂದ ಹಲಗೆಗಳನ್ನು ಕೆತ್ತುತ್ತಿದ್ದರು. ಅಲಾಯಾ ಎಂಬ ತೆಳ್ಳನೆಯ ಹಲಗೆ ಒಂದು ಬಗೆ. ಓಲೋ ಎಂಬ ಬಲು ಉದ್ದದ ಹಲಗೆ ನಾಯಕರಿಗೆ ಮೀಸಲು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನ ರೋಗಗಳು ಬಂದವು, ಮಿಷನರಿಗಳ ಕಟ್ಟುಪಾಡು ಬಂದಿತು, ಆಟ ಸೊರಗಿತು. ಕೆಲವೇ ಹಲಗೆಗಳು ಉಳಿದವು. ಅಬ್ನೆರ್ ಪಾಕಿ ಎಂಬ ನಾಯಕನ ಹಲಗೆಗಳು, ಅವನ ಮಗಳು ಬರ್ನಿಸ್ ಪೌವಾಹಿಯ ನೆನಪಿಗಾಗಿ 1889ರಲ್ಲಿ ಹೊನೊಲುಲುವಿನಲ್ಲಿ ಸ್ಥಾಪನೆಯಾದ ಬಿಷಪ್ ಮ್ಯೂಸಿಯಂ ಸೇರಿದವು. 1920ರ ದಶಕದಲ್ಲಿ ಅಮೆರಿಕದ ಈಜುಗಾರ ಟಾಮ್ ಬ್ಲೇಕ್ ಆ ಹಲಗೆಗಳನ್ನು ದುರಸ್ತಿ ಮಾಡುವ ಕೆಲಸ ಕೈಗೆತ್ತಿಕೊಂಡ. ಅವನ್ನು ಮುಟ್ಟಿ, ಅಳೆದು, ಅದೇ ಆಕಾರದ ಹೊಸ ಹಲಗೆ ಮಾಡಿದ. ಭಾರ ಇಳಿಸಲು ಅದಕ್ಕೆ ನೂರಾರು ತೂತು ಕೊರೆದು ಮೇಲೆ ತೆಳು ಹಲಗೆ ಮುಚ್ಚಿದ. ಅದರಿಂದಲೇ ಒಳಟೊಳ್ಳಿನ ಹಲಗೆ ಹುಟ್ಟಿತು. 1932ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ ನೊರೆಯ ಹಲಗೆ ಬಂದು ಕಟ್ಟಿಗೆಯನ್ನು ಪಕ್ಕಕ್ಕೆ ಸರಿಸಿತು, ಕೈಯಿಂದ ಕೆತ್ತಿದ ಹಳೆಯ ಹಲಗೆಗಳು ಸಂಗ್ರಾಹಕರ ಪಾಲಾದವು. ಆದರೆ 2000ದ ನಂತರ ಟಾಮ್ ವೆಗನರ್ ಎಂಬ ಇನ್ನೊಬ್ಬ ಕುಶಲಿ ಅದೇ ಮ್ಯೂಸಿಯಮ್ಮಿನ ಅಲಾಯಾಗಳನ್ನು ಅಧ್ಯಯನ ಮಾಡಿ ಮತ್ತೆ ಕಟ್ಟಿಗೆಯ ಹಲಗೆಗಳನ್ನು ಅಲೆಯ ಮೇಲೆ ತಂದ. ಒಂದೇ ಸಂಗ್ರಹದಿಂದ ಎರಡು ಸಲ ಹೊಸ ಕಸುಬು ಮೊಳೆಯಿತು. ಹಲಗೆಗಳ ಚಂದ ನೋಡಿ ಗೋಡೆಗೆ ತೂಗುಹಾಕಿ ಸುಮ್ಮನಿದ್ದಿದ್ದರೆ ಇದಾಗುತ್ತಿರಲಿಲ್ಲ. ಅಳತೆ ತೆಗೆಯಲು, ನಕಲು ಮಾಡಲು, ಮಾಡಿದ್ದನ್ನು ನೀರಿಗೆ ಇಳಿಸಲು ಅವಕಾಶ ಇದ್ದದ್ದರಿಂದ ಆಯಿತು.

ಕನ್ನಡ ನಾಡಿಗೂ ಕೂಡಿಡುವ ಕೆಲಸ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ.ಪರಮಶಿವಯ್ಯನವರಂಥವರು ಹಳ್ಳಿಹಳ್ಳಿ ಅಲೆದು ವಸ್ತು ತಂದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ನಿಂತ ಮನೆಗಳನ್ನೇ ಕೊಂಡು, ತೊಲೆ ಜಂತಿಗಳನ್ನು ಬಿಚ್ಚಿ, ಮತ್ತೆ ಇದ್ದಂತೆಯೇ ಎಬ್ಬಿಸಿ ನಿಲ್ಲಿಸಿದರು. ಆ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಮ್ಮ ಮುಧೋಳ ಅರಮನೆಯ ದರ್ಬಾರ್ ಹಾಲ್ ಕೂಡ ಇದೆ. ಘೋರ್ಪಡೆ ಮನೆತನದ ಸಂಸ್ಥಾನದ ಆ ಕಟ್ಟಿಗೆಯ ಕಂಬಗಳು ಇಂದು ಉಳಿದಿದ್ದರೆ ಅದಕ್ಕೆ ಶೆಣೈಯವರ ಹಟವೇ ಕಾರಣ, ಅದಕ್ಕೆ ಈ ಸೀಮೆ ಋಣಿಯಾಗಿರಬೇಕು. ಆದರೂ ಮುಧೋಳದ ಮಗು ತನ್ನೂರಿನ ದರ್ಬಾರ್ ಹಾಲ್ ನೋಡಬೇಕಾದರೆ ಘಟ್ಟ ಇಳಿದು ಕರಾವಳಿಗೆ ಹೋಗಬೇಕು. ಅರಮನೆಯ ವಿಷಯದಲ್ಲಿ ಇದನ್ನು ಒಪ್ಪಿಕೊಳ್ಳಬಹುದು; ನೆಲಸಮವಾಗುವುದಕ್ಕಿಂತ ದೂರದಲ್ಲಿ ಇರುವುದು ಮೇಲು. ಮಗ್ಗದ ವಿಷಯದಲ್ಲಿ ಒಪ್ಪಲಾಗದು. ಅರಮನೆಯ ಕಂಬಕ್ಕೆ ಜೊತೆಯಲ್ಲಿ ದುಡಿಯುವ ಕೈ ಬೇಡ. ಮಗ್ಗಕ್ಕೆ ಬೇಕು. ಅದನ್ನು ಕಟ್ಟಬಲ್ಲ, ಹೂಡಬಲ್ಲ, ಕೆಟ್ಟರೆ ತಿದ್ದಬಲ್ಲ ಜನ ಇರುವುದು ಬನಹಟ್ಟಿ, ರಬಕವಿ, ಮಹಾಲಿಂಗಪುರ, ಗುಳೇದಗುಡ್ಡ, ಇಳಕಲ್ಲಿನ ಸುತ್ತ. ಅಲ್ಲಿಂದ ಐನೂರು ಕಿ.ಮೀ. ದೂರದ ಗಾಜಿನ ಹಿಂದೆ ಇಟ್ಟ ಮಗ್ಗಕ್ಕೆ ಒಂದು ದಾರ ಹರಿದರೂ ಕಟ್ಟುವವರು ಸಿಗುವುದಿಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಸಂಗ್ರಹ ಬೆಳೆದಿದೆ. ಹಳೆಯ ಲಾಳಿಗಳು ಮೇಣದಬತ್ತಿಯ ನಿಲುವಾಗುತ್ತವೆ, ನೂಲು ಸುತ್ತುವ ಕಂಡಿಕೆಗಳು ಹೋಟೆಲಿನ ಗೋಡೆಯ ಅಲಂಕಾರವಾಗುತ್ತವೆ, ಮಗ್ಗದ ತೊಲೆ ದೀವಾನಖಾನೆಯ ಮೇಜಿನ ಕಾಲಾಗುತ್ತದೆ. ದೇಶ ವಿದೇಶಗಳ ಅಂಗಡಿಗಳಲ್ಲಿ ಇವುಗಳಿಗೆ ಬೇಡಿಕೆಯಿದೆ. ಕೊಳ್ಳುವವರಿಗೆ ಹಳೆಯ ವಸ್ತುವಿನ ಮೇಲೆ ಪ್ರೀತಿ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಡಿಬಿಡಿಯಾಗಿ ಮಾರಿದ ಮಗ್ಗ ಮತ್ತೆ ಕೂಡುವುದಿಲ್ಲ. ಯಾವ ಹಣಿಗೆ ಯಾವ ಹಲಗೆಯದು, ಯಾವ ಡಾಬಿಯ ಪಟ್ಟಿ ಯಾವ ಅಂಚಿನದು ಎಂಬ ಸಂಬಂಧ ಒಮ್ಮೆ ಹರಿದರೆ ಉಳಿಯುವುದು ಹೊಳಪು ಕೊಟ್ಟ ಕಟ್ಟಿಗೆ ಮಾತ್ರ. ಆ ಹೊಳಪೇ ಇನ್ನೊಂದು ಹಾನಿ. ಹಳೆಯ ಮಗ್ಗದ ಮೇಲೆ ತೇಪೆ ಇರುತ್ತದೆ, ಹಗ್ಗ ಉಜ್ಜಿ ಬಿದ್ದ ಗೀರು ಇರುತ್ತದೆ, ಸೀಳಿದ ಜಾಗಕ್ಕೆ ಹೊಡೆದ ಕಬ್ಬಿಣದ ಪಟ್ಟಿ ಇರುತ್ತದೆ, ಪಾದ ಒತ್ತಿ ಒತ್ತಿ ತಗ್ಗಾದ ತುಳಿಮಣೆ ಇರುತ್ತದೆ. ಆ ತಗ್ಗು ನೇಕಾರ ಎಲ್ಲಿ ಕಾಲಿಟ್ಟ, ಯಾವ ಕಾಲಿಗೆ ಹೆಚ್ಚು ಬಲ ಕೊಟ್ಟ ಎಂಬುದನ್ನು ಹೇಳುತ್ತದೆ. ಅದನ್ನು ಉಜ್ಜಿ ಸಮ ಮಾಡಿ ವಾರ್ನಿಷ್ ಬಳಿದರೆ ಹೇಳುವ ಬಾಯಿ ಮುಚ್ಚುತ್ತದೆ. ಸಂಗ್ರಹಕ್ಕೆ ತಂದ ಮಗ್ಗವನ್ನು ಗೆದ್ದಲಿನಿಂದ ಕಾಯಬೇಕು, ಅಷ್ಟೆ. ಹೊಸದಾಗಿ ಕಾಣುವಂತೆ ಮಾಡಬಾರದು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲಕ್ಕಿಂತ ಭಾರವಾದದ್ದು: ನೇಕಾರ ಬದುಕಲು ಒದ್ದಾಡುತ್ತಿರುವಾಗ ಕಟ್ಟಿಗೆಯ ಚಿಂತೆ ಏಕೆ? ರಾಷ್ಟ್ರೀಯ ಕೈಮಗ್ಗ ಗಣತಿಯ ಲೆಕ್ಕ ನೋಡಿದರೆ, 2009-10ರಲ್ಲಿ ದೇಶದಲ್ಲಿ 43 ಲಕ್ಷಕ್ಕೂ ಹೆಚ್ಚಿದ್ದ ಕೈಮಗ್ಗ ಕೆಲಸಗಾರರು ಹತ್ತು ವರ್ಷದಲ್ಲಿ 35 ಲಕ್ಷದ ಸುಮಾರಿಗೆ ಇಳಿದರು. 2020ರ ಲಾಕ್‌ಡೌನ್ ರಬಕವಿ-ಬನಹಟ್ಟಿ ಅವಳಿ ಊರನ್ನು ಹಿಂಡಿಹಾಕಿತು. ಕೈಮಗ್ಗ, ವಿದ್ಯುತ್ ಮಗ್ಗ ಎರಡೂ ನಿಂತವು. ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಹೆಸರಿನಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಆರಂಭಿಸಿತು, ಆಮೇಲೆ ಅದನ್ನು 5,000ಕ್ಕೆ ಏರಿಸಿತು. ವರ್ಷಕ್ಕೆ ಐದು ಸಾವಿರ ಯಾವ ಸಂಸಾರಕ್ಕೂ ಸಾಲದು ಎಂಬುದನ್ನು ವಿವರಿಸಬೇಕಿಲ್ಲ. ಆದ್ದರಿಂದ ಈ ಆಕ್ಷೇಪಕ್ಕೆ ನನ್ನ ಮೊದಲ ಉತ್ತರ ಒಪ್ಪಿಗೆ: ನೇಕಾರರ ಕೂಲಿ, ನೂಲಿನ ಬೆಲೆ, ಮಾರುಕಟ್ಟೆ, ಇವೇ ಮೊದಲ ಸಾಲಿನ ವಿಷಯ. ಸಂಗ್ರಹದ ಹೆಸರಿನಲ್ಲಿ ಅವಕ್ಕೆ ಮೀಸಲಾದ ಒಂದು ಪೈಸೆಯನ್ನೂ ಮುಟ್ಟಬಾರದು. ಎರಡನೆಯ ಉತ್ತರ ಇದು: ಕೈಮಗ್ಗದ ಬಟ್ಟೆಗೆ ಬೆಲೆ ಬರುವುದು ವಿದ್ಯುತ್ ಮಗ್ಗ ಮಾಡಲಾರದ್ದನ್ನು ಅದು ಮಾಡಿದಾಗ ಮಾತ್ರ. ಬಿಳಿ ಪಂಚೆಯಲ್ಲೋ ಸಾದಾ ಸೀರೆಯಲ್ಲೋ ಕೈ ಯಂತ್ರವನ್ನು ಗೆಲ್ಲದು. 1985ರ ಕೈಮಗ್ಗ ಮೀಸಲು ಕಾಯ್ದೆ ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಕಾಯ್ದಿರಿಸಿತ್ತು. ಆಮೇಲೆ ಆ ಪಟ್ಟಿ 11ಕ್ಕೆ ಕುಗ್ಗಿತು. ಕಾನೂನಿನ ಆಸರೆ ಕುಗ್ಗುತ್ತಿರುವಾಗ ನೇಕಾರನಿಗೆ ಉಳಿಯುವ ಬಂಡವಾಳ ತನ್ನ ಕೈಗೆ ಮಾತ್ರ ಬರುವ ವಿನ್ಯಾಸ, ಕೊಂಡಿ, ಅಂಚು. ಆ ಬಂಡವಾಳ ದಾಖಲಾಗಿರುವುದು ಹಳೆಯ ಮಗ್ಗದಲ್ಲಿ, ಅದರ ಹಣಿಗೆಯ ಎಣಿಕೆಯಲ್ಲಿ, ಡಾಬಿಯ ಪಟ್ಟಿಯಲ್ಲಿ. ಅದನ್ನು ಸುಟ್ಟು ನಂತರ ಹೊಸ ವಿನ್ಯಾಸಕ್ಕೆ ಪಟ್ಟಣದಿಂದ ವಿನ್ಯಾಸಕಾರರನ್ನು ಕರೆಸುವುದು ಬಡವನ ಕೈಯಿಂದ ಇದ್ದದ್ದನ್ನೂ ಕಿತ್ತುಕೊಂಡಂತೆ.

ಎರಡನೆಯ ಆಕ್ಷೇಪವನ್ನು ನೇಕಾರ ಸಮುದಾಯಗಳ ಒಳಗಿನಿಂದಲೇ ಕೇಳಬಹುದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕುಣಿಮಗ್ಗದ ಜೀವನ ಸುಖದ್ದಾಗಿರಲಿಲ್ಲ. ತಂಪು ಕುಣಿಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕೂತವರ ಮೊಣಕಾಲು ಸೊಂಟಗಳು ನಲವತ್ತಕ್ಕೇ ಸೋಲುತ್ತಿದ್ದವು. ರಾಟಿ ತಿರುಗಿಸಿ ಕಂಡಿಕೆ ಸುತ್ತಿದವರು, ಉಂಕಿಗೆ, ಅಂದರೆ ಹಾಸಿನ ಎಳೆಗಳಿಗೆ, ಗಂಜಿ ಹಿಡಿಸಿದವರು ಹೆಂಗಸರು ಮತ್ತು ಮಕ್ಕಳು. ಆ ದುಡಿಮೆಗೆ ಬೇರೆ ಕೂಲಿ ಇರಲಿಲ್ಲ, ಲೆಕ್ಕದಲ್ಲಿ ಅವರ ಹೆಸರೂ ಇರಲಿಲ್ಲ. ಮಗ ಶಾಲೆ ಬಿಟ್ಟು ಅಪ್ಪನ ಕುಣಿಗೆ ಇಳಿದದ್ದು ಪರಂಪರೆಯ ಮೇಲಿನ ಪ್ರೀತಿಯಿಂದಲ್ಲ, ಸಾಲದಿಂದ. ಇಂಥ ವಸ್ತುವನ್ನು ಹೂಮಾಲೆ ಹಾಕಿ ನಿಲ್ಲಿಸುವುದೇ? ಹಾಗೆ ನಿಲ್ಲಿಸಬಾರದು ಎಂಬುದೇ ನನ್ನ ಉತ್ತರ. ಸಂಗ್ರಹ ಈ ಕಷ್ಟವನ್ನೂ ಹೇಳಬೇಕು. ಮಗ್ಗದ ಪಕ್ಕದಲ್ಲಿ ರಾಟಿ ಇರಬೇಕು, ರಾಟಿ ತಿರುಗಿಸಿದ ಹೆಂಗಸಿನ ಹೆಸರು ಇರಬೇಕು, ಒಂದು ಸೀರೆಗೆ ಆ ಕಾಲದಲ್ಲಿ ಸಿಕ್ಕ ಕೂಲಿಯ ಲೆಕ್ಕ ಇರಬೇಕು, ಸಾಹುಕಾರನ ನೂಲಿನ ಬಾಕಿಯ ಚೀಟಿ ಸಿಕ್ಕರೆ ಅದೂ ಇರಬೇಕು. ಕಷ್ಟವನ್ನು ಮರೆಯಲೆಂದು ಮಗ್ಗವನ್ನು ಸುಟ್ಟರೆ ಕಷ್ಟಪಟ್ಟವರ ಸಾಕ್ಷ್ಯವೂ ಅದರೊಂದಿಗೇ ಸುಡುತ್ತದೆ. ಹನ್ನೊಂದನೆಯ ಶತಮಾನದ ಜೇಡರ ದಾಸಿಮಯ್ಯ ನೇಕಾರಿಕೆ ಮಾಡುತ್ತಲೇ ವಚನ ರಚಿಸಿದವನೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಜಯಂತಿ ಮಾಡುತ್ತೇವೆ. ಅವನ ಕಸುಬಿನ ಸಲಕರಣೆಗಳ ಹೆಸರನ್ನು ಹೇಳಬಲ್ಲ ಮಕ್ಕಳು ಈಗ ನೇಕಾರರ ಮನೆಗಳಲ್ಲೂ ಕಡಿಮೆಯಾಗುತ್ತಿದ್ದಾರೆ.

ಮೂರನೆಯ ಆಕ್ಷೇಪ: ಬೇಕಾದಾಗ ಹೊಸ ಮಗ್ಗ ಮಾಡಿಸಿಕೊಳ್ಳಬಹುದು, ಹಳೆಯದರ ಹಂಗೇಕೆ? ಚೌಕಟ್ಟನ್ನು ಮಾಡಿಸಬಹುದು, ನಿಜ. ಆದರೆ ಯಾವ ಅಳತೆಗೆ? ಕೈಬಿಟ್ಟುಹೋದ ನೇಯ್ಗೆಯನ್ನು ಮತ್ತೆ ಎತ್ತಿದ ಪ್ರತಿ ಪ್ರಯತ್ನವೂ ಉಳಿದುಕೊಂಡ ಏನೋ ಒಂದನ್ನು ಹಿಡಿದೇ ನಡೆದಿದೆ. ಉತ್ತರ ಕರ್ನಾಟಕದ ಪಟ್ಟೆದ ಅಂಚು ಸೀರೆಯನ್ನು ಹೇಮಲತಾ ಜೈನ್ ಮರಳಿ ನೇಯಿಸಿದಾಗ ಆಧಾರವಾದದ್ದು ಹಳೆಯ ಸೀರೆಯ ಮಾದರಿ. ಕರಾವಳಿಯಲ್ಲಿ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಂದಿಗೆ ಉಡುಪಿ ಸೀರೆಯನ್ನು ಎಬ್ಬಿಸಿ ನಿಲ್ಲಿಸಿದಾಗ ಆಧಾರವಾದದ್ದು ಇನ್ನೂ ಕಸುಬು ಬಲ್ಲ ಕೆಲವು ಹಿರಿಯರು. ಬಟ್ಟೆ, ಮಗ್ಗ, ಕೈ ಈ ಮೂರರಲ್ಲಿ ಎರಡಾದರೂ ಉಳಿದಿದ್ದರೆ ಮೂರನೆಯದನ್ನು ಕಟ್ಟಿಕೊಳ್ಳಬಹುದು. ಒಂದೇ ಉಳಿದರೆ ಊಹೆ ಮಾಡಬೇಕು. ಬನಹಟ್ಟಿಯಲ್ಲಿ ಕುಣಿಮಗ್ಗದಲ್ಲಿ ದುಡಿದ ಕೈಗಳಿಗೆ ವಯಸ್ಸಾಗಿದೆ, ನಿತ್ಯ ಉಟ್ಟ ಸೀರೆಗಳು ಸವೆದಿವೆ. ಅಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವುದು ಕಟ್ಟಿಗೆಯೇ.

ಕೂಡಿಡುವ ಕೆಲಸಕ್ಕೆ ಗಡುವೂ ಇದೆ, ಅದನ್ನು ತಂದಿರುವುದು ಕೃಷ್ಣಾ ನದಿ. ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿ ಜಲಾಶಯಕ್ಕೆ ನೆಲ ಕೊಟ್ಟು ಎದ್ದುಹೋದವು. ಆಗ ಬಿಚ್ಚಿದ ಮನೆಗಳ ಕೆತ್ತಿದ ಬಾಗಿಲು, ಕಂಬ, ತೊಲೆಗಳು ಎಲ್ಲೆಲ್ಲಿಗೆ ಹೋದವೆಂದು ಯಾರೂ ಬರೆದಿಡಲಿಲ್ಲ. ಈಗ 519.60 ಮೀಟರಿನಲ್ಲಿ ನಿಂತಿರುವ ಜಲಾಶಯವನ್ನು 524.256 ಮೀಟರಿಗೆ ಎತ್ತರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದೆ. ಅದು ನಡೆದರೆ ಇನ್ನಷ್ಟು ಹಳ್ಳಿಗಳು ಜಾಗ ಬಿಡಬೇಕು. ಭೂಸ್ವಾಧೀನದ ಕಾನೂನಿನಲ್ಲಿ ಜಮೀನಿಗೆ, ಕಟ್ಟಡಕ್ಕೆ, ಗಿಡಮರಕ್ಕೆ, ನಿಂತ ಬೆಳೆಗೆ ಬೆಲೆ ಕಟ್ಟುವ ಕ್ರಮ ಇದೆ. ನೆಲದಲ್ಲಿ ತೋಡಿದ ಕುಣಿ ಮತ್ತು ಅದರ ಮೇಲಿನ ಮಗ್ಗದಲ್ಲಿ ಅಡಗಿದ ತಿಳಿವಳಿಕೆಯನ್ನು ಬರೆದುಕೊಳ್ಳುವ ಕಾಲಂ ಇಲ್ಲ. ಮುಳುಗಡೆ ಒತ್ತಟ್ಟಿಗಿರಲಿ, ಪ್ರವಾಹವೂ ಕಾಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ನೇಕಾರರ ಮನೆಗಳಿಗೆ ನುಗ್ಗಿದಾಗ ಮೊದಲು ತುಂಬಿದ್ದು ಕುಣಿ. ವಾರಗಟ್ಟಲೆ ನೀರಿನಲ್ಲಿ ನೆನೆದು ಆಮೇಲೆ ಬಿಸಿಲಿಗೆ ಒಣಗಿದ ಕಟ್ಟಿಗೆ ಡೊಂಕಾಗುತ್ತದೆ. ಡೊಂಕಾದ ಹಲಗೆಯ ಮೇಲೆ ಲಾಳಿ ಓಡುವುದಿಲ್ಲ.

ಈ ಸೀಮೆಯಲ್ಲಿ ಕಟ್ಟಿಗೆಯ ಇನ್ನೂ ಎಷ್ಟೋ ಸಲಕರಣೆಗಳಿದ್ದವು: ಕೂರಿಗೆ, ಕುಂಟೆ, ರೆಂಟೆ, ಬಂಡಿ, ಎಣ್ಣೆಯ ಗಾಣ, ಕಬ್ಬಿನ ಗಾಣ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೈತರ ಹೊಲಕ್ಕೆ ಬಂದ ಮೇಲೆ ಕಟ್ಟಿಗೆಯ ಕಾಲ ಮುಗಿಯುತ್ತ ಬಂತು. ಅವನ್ನೂ ಕೂಡಿಡುವವರು ಬೇಕು. ಆದರೆ ಎಲ್ಲವನ್ನೂ ಒಂದೇ ಕೊಟ್ಟಿಗೆಯಲ್ಲಿ ರಾಶಿ ಹಾಕುವುದರಿಂದ ಯಾವುದೂ ಉಳಿಯದು. ಮಗ್ಗದಿಂದ ಆರಂಭಿಸಲು ಕಾರಣ, ಇಲ್ಲಿ ಅದನ್ನು ಬಲ್ಲವರು ಇನ್ನೂ ಬದುಕಿದ್ದಾರೆ.

ಮಾಡುವುದು ಹೇಗೆ? ಭವ್ಯ ಕಟ್ಟಡ ಬೇಡ. ಮೊದಲ ಹೆಜ್ಜೆ ಎಣಿಕೆ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಹಳೆಯ ಮಗ್ಗ ಇದೆ, ನಡೆಯುತ್ತಿದೆಯೋ ನಿಂತಿದೆಯೋ ಎಂಬ ಪಟ್ಟಿ. ಜಮಖಂಡಿಯಲ್ಲೇ ನೆಲೆಗೊಂಡ ಬಾಗಲಕೋಟೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ಎರಡನೆಯದು ಅಳತೆಯ ನಕ್ಷೆ: ಕುಣಿಯ ಉದ್ದ ಅಗಲ ಆಳ, ಕಂಬದ ಅಂತರ, ಹಲಗೆಯ ತೂಕ, ಹಣಿಗೆಯ ಎಣಿಕೆ, ಕಟ್ಟಿಗೆಯ ಜಾತಿ, ಸಾಧ್ಯವಿದ್ದರೆ ಮಾಡಿದ ಬಡಿಗನ ಹೆಸರು. ಐಟಿಐ ಮತ್ತು ಪಾಲಿಟೆಕ್ನಿಕ್ ಹುಡುಗರಿಗೆ ಇದಕ್ಕಿಂತ ಒಳ್ಳೆಯ ನಕ್ಷೆಯ ಪಾಠ ಸಿಗುವುದು ಕಷ್ಟ. ಗದಗಿನ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯವರು ಆ ನಕ್ಷೆಗಳನ್ನು ಪರೀಕ್ಷಿಸಬಲ್ಲರು. ಮೂರನೆಯದು ಮಾತು: ಮಗ್ಗ ಬಿಚ್ಚುವ ಮೊದಲು ಅದರಲ್ಲಿ ದುಡಿದವರು ಭಾಗಭಾಗವಾಗಿ ಹೆಸರು ಹೇಳಿ, ಹೂಡಿ ತೋರಿಸುವುದನ್ನು ಚಿತ್ರಿಸಿಕೊಳ್ಳಬೇಕು. ಒಂದೇ ಭಾಗಕ್ಕೆ ಬನಹಟ್ಟಿಯಲ್ಲಿ ಒಂದು ಹೆಸರು, ಗುಳೇದಗುಡ್ಡದಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಬರೆಯಬೇಕು. ನಾಲ್ಕನೆಯದು ಜಾಗ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬನಹಟ್ಟಿಯ ನೇಕಾರರಿಂದ ಶಾಲಾ ಸಮವಸ್ತ್ರದ ಬಟ್ಟೆ ನೇಯಿಸಿದೆ. ನಿಗಮದ ಶೆಡ್ಡು, ನಗರಸಭೆಯ ಖಾಲಿ ಕಟ್ಟಡ, ಸಂಘದ ಗೋದಾಮು ಯಾವುದಾದರೂ ಆದೀತು. ಅಲ್ಲಿ ಹತ್ತು ಮಗ್ಗ ಇಟ್ಟರೂ ಕನಿಷ್ಠ ಎರಡು ಹಾಸು ಏರಿಸಿಕೊಂಡು ನಡೆಯುತ್ತಿರಬೇಕು, ನಡೆಸುವ ಹಿರಿಯ ನೇಕಾರರಿಗೆ ಗೌರವಧನ ಅಲ್ಲ, ತಿಂಗಳ ಸಂಬಳ ಸಿಗಬೇಕು.

ಹಣದ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು. ನೇಕಾರರಿಂದ ಮಗ್ಗವನ್ನು ದಾನ ಕೇಳಬಾರದು. ಹಳೆಯ ಸಾಮಾನಿನ ವ್ಯಾಪಾರಿ ಒಳ್ಳೆಯ ಬೆಲೆ ಕೊಡುತ್ತಾನೆಂದರೆ ಮಾರುವ ಹಕ್ಕು ಮನೆಯವರದು. ಊರಿನ ಸಂಗ್ರಹ ಅದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬೇಕು, ಅಥವಾ ಮಾಲೀಕತ್ವವನ್ನು ಅವರಲ್ಲೇ ಬಿಟ್ಟು ಬಾಡಿಗೆ ಕೊಡಬೇಕು. ಡಾಬಿ ಪಟ್ಟಿಯಲ್ಲಿರುವ ವಿನ್ಯಾಸದಿಂದ ಮುಂದೆ ಯಾರಾದರೂ ಸೀರೆ ಮಾಡಿ ಮಾರಿದರೆ ಆ ಮನೆಗೆ ಪಾಲು ಹೋಗಬೇಕೆಂಬುದು ಕಾಗದದ ಮೇಲೆ ಇರಬೇಕು. ಫೋರ್ಬ್ಸ್ ವಾಟ್ಸನ್ನನ ಸಂಪುಟಗಳಿಗೆ ಮಾದರಿ ಕೊಟ್ಟ ನೇಕಾರರಿಗೆ ಸಿಗದೆ ಹೋದದ್ದು ಇಲ್ಲಿನವರಿಗೆ ಸಿಗಲಿ. ಪಟವರ್ಧನರ ಸಂಸ್ಥಾನಗಳ ಕಾಲದಿಂದ ಇಲ್ಲಿಯವರೆಗೆ ಈ ಊರುಗಳ ಬಟ್ಟೆಯಿಂದ ಲಾಭ ಕಂಡ ವ್ಯಾಪಾರಿ ಮನೆತನಗಳು, ಬ್ಯಾಂಕುಗಳು, ಸಹಕಾರಿ ಸಂಘಗಳು ಇವೆ. ಕೆಲವು ಹಳೆಯ ಮಗ್ಗಗಳ ಬೆಲೆ ಅವುಗಳಿಗೆ ದೊಡ್ಡದಲ್ಲ.

ಇದಾವುದೂ ಆರಂಭವಾಗುವವರೆಗೆ ಮನೆಮನೆಯಲ್ಲಿ ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ನಿಮ್ಮ ಅಟ್ಟದ ಮೇಲೆ, ಹಿತ್ತಲಿನಲ್ಲಿ, ಕೊಟ್ಟಿಗೆಯಲ್ಲಿ ಹಳೆಯ ಮಗ್ಗದ ಭಾಗಗಳಿದ್ದರೆ, ಗುಜರಿಯವನಿಗೆ ಕೊಡುವ ಮುನ್ನ ಅವನ್ನೆಲ್ಲ ಒಂದೇ ಕಡೆ ಜೋಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಟೇಪು ಹಿಡಿದು ಅಳತೆ ಬರೆದುಕೊಳ್ಳಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಪ್ರತಿ ಭಾಗದ ಹೆಸರು, ಅದರಲ್ಲಿ ನೇಯ್ದ ಸೀರೆಯ ಹೆಸರು, ಮಾಡಿದ ಬಡಿಗನ ಹೆಸರು ಕೇಳಿ ದಾಖಲಿಸಿ. ಡಾಬಿಯ ಪಟ್ಟಿಗಳ ಗಂಟಿದ್ದರೆ ಅದರ ಗೂಟಗಳನ್ನು ಕೀಳಬೇಡಿ, ಒಲೆಯ ಹತ್ತಿರ ಇಡಬೇಡಿ. ಹಿರಿಯರನ್ನು ಕೇಳುವ ಕೆಲಸವನ್ನು ಮಾತ್ರ ಮುಂದಿನ ಹಬ್ಬಕ್ಕೆಂದು ಮುಂದೂಡಬೇಡಿ.